ವ್ಯಸನದ ಸೆರೆ, ವಿಶ್ವಾಸದ ಆಸರೆ

ವಿಭೂತಿ ಬುಧವಾರದಂದು ಹಣೆಗೆ ಬೂದಿ ಧರಿಸಿ ಮನೆಗೆ ಮರಳುವ ನಮ್ಮ ಅನೇಕ ಕುಟುಂಬಗಳಲ್ಲಿ ಅಂದಿನಿಂದ ಮಾಂಸವಿಲ್ಲ, ಮದ್ಯವಿಲ್ಲ, ಕೆಲವೆಡೆ ಬೀಡಿ ಸಿಗರೇಟೂ ಇಲ್ಲ. ತಪಸ್ಸುಕಾಲದ ಈ ನೇಮವನ್ನು ಕಲ್ಯಾಣ ನಗರ, ಕಮ್ಮನಹಳ್ಳಿ, ಬಾಣಸವಾಡಿ, ಲಿಂಗರಾಜಪುರಗಳ ಕಥೋಲಿಕ ಮನೆಗಳು ಇಂದಿಗೂ ಶ್ರದ್ಧೆಯಿಂದ ಪಾಲಿಸುತ್ತಿವೆ. ಪಾಸ್ಖ ಹಬ್ಬದ ಬಲಿಪೂಜೆ ಮುಗಿದು ಮಧ್ಯಾಹ್ನದ ಊಟಕ್ಕೆ ನೆಂಟರು ಕೂಡುವ ಹೊತ್ತಿಗೆ ಬೀರುವಿನಿಂದ ಬಾಟಲಿ ಹೊರಬರುವುದೂ ಅಷ್ಟೇ ಶ್ರದ್ಧೆಯಿಂದ ನಡೆಯುತ್ತದೆ.

ನೇಮವನ್ನು ನಾವು ಹಗುರವಾಗಿ ಕಾಣುತ್ತಿಲ್ಲ. ಬಯಕೆಗೆ ಕಡಿವಾಣ ಹಾಕಿಕೊಳ್ಳುವ ಅಭ್ಯಾಸವನ್ನು ಧರ್ಮಸಭೆಯು ಎರಡು ಸಾವಿರ ವರ್ಷಗಳಿಂದ ಕಲಿಸುತ್ತಾ ಬಂದಿದೆ. ಆದರೆ ಈ ನಲವತ್ತು ದಿನಗಳು ನಮ್ಮ ನಡುವೆ ಒಂದು ತಪ್ಪು ಅಳತೆಗೋಲಾಗಿಯೂ ಬಳಕೆಯಾಗುತ್ತಿವೆ. ನಲವತ್ತು ದಿನ ಬಿಟ್ಟಿರಬಲ್ಲವನು "ನನಗೆಲ್ಲಿ ಚಟ?" ಎಂದು ಎದೆ ತಟ್ಟಿಕೊಳ್ಳುತ್ತಾನೆ, ಉಳಿದ ತಿಂಗಳುಗಳ ಲೆಕ್ಕವನ್ನು ಯಾರೂ ಕೇಳುವುದಿಲ್ಲ. ಮೂರನೆಯ ದಿನಕ್ಕೇ ಕೈ ನಡುಗಿ, ಬೆವೆತು, ಕದ್ದು ಕುಡಿದವನನ್ನು ಮಾತ್ರ ಮನೆಯವರೂ ನೆರೆಯವರೂ ವಿಶ್ವಾಸವಿಲ್ಲದವನೆಂದು, ಮನಸ್ಸು ಗಟ್ಟಿಯಿಲ್ಲದವನೆಂದು, ನಾಯಿಯ ಬಾಲ ಎಂದಿದ್ದರೂ ಡೊಂಕೆಂದು ತೀರ್ಮಾನಿಸಿಬಿಡುತ್ತಾರೆ. ಅವನೂ ತನ್ನ ಬಗ್ಗೆ ಅದನ್ನೇ ತೀರ್ಮಾನಿಸಿಕೊಂಡು ಮುಂದಿನ ಭಾನುವಾರದಿಂದ ದೇವಾಲಯದ ಕಡೆ ತಲೆಹಾಕುವುದಿಲ್ಲ. ವಿಶ್ವಾಸದ ಆಸರೆ ಯಾರಿಗೆ ಎಲ್ಲರಿಗಿಂತ ಹೆಚ್ಚಾಗಿ ಬೇಕಿತ್ತೋ ಅವನೇ ಮೊದಲು ಹೊರಗುಳಿಯುತ್ತಾನೆ. ಈ ವಾರ ನಾವು ಬರೆಯಬೇಕೆಂದಿರುವುದು ಅವನನ್ನು ಕುರಿತು.

ಹೆಣ್ಣೂರು ರಸ್ತೆ ಮತ್ತು ಬಾಣಸವಾಡಿ ರಸ್ತೆಗಳ ನಡುವಿನ ಭೂಮಿಯಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವು ಬಡಾವಣೆಯನ್ನು ರೂಪಿಸಿದ ಮೇಲೆ ಕೇರಳದಿಂದ, ಮಂಗಳೂರಿನಿಂದ, ತಮಿಳುನಾಡಿನಿಂದ, ಹಳೆಯ ದಂಡುಪ್ರದೇಶದ ಇಕ್ಕಟ್ಟಾದ ಬೀದಿಗಳಿಂದ ಬಂದ ಕುಟುಂಬಗಳು ಇಲ್ಲಿ ಮನೆ ಕಟ್ಟಿಕೊಂಡವು. ಅಂದು ಸಂಜೆಯಾದರೆ ನಿಶ್ಶಬ್ದವಾಗುತ್ತಿದ್ದ ಅಡ್ಡರಸ್ತೆಗಳಲ್ಲಿ ಇಂದು ಮದ್ಯ ಸರಬರಾಜು ಮಾಡುವ ಹೋಟೆಲುಗಳ ದೀಪಗಳು ನಡುರಾತ್ರಿಯವರೆಗೆ ಉರಿಯುತ್ತವೆ. ಮೊದಲು ಕುಡಿತವೆಂದರೆ ಸಾರಾಯಿ ಅಂಗಡಿ, ಕೂಲಿಯ ಹಣ, ಬೀದಿಯ ರಂಪ ಎಂಬ ಚಿತ್ರ ನಮ್ಮ ಕಣ್ಣ ಮುಂದಿತ್ತು. 1981ರ ಜುಲೈಯಲ್ಲಿ ವಿಷಮಿಶ್ರಿತ ಕಳ್ಳಭಟ್ಟಿ ಕುಡಿದು ಈ ಬೆಂಗಳೂರಿನಲ್ಲಿ ಮುನ್ನೂರಕ್ಕೂ ಹೆಚ್ಚು ಮಂದಿ ಸತ್ತರು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ಮರುವರ್ಷ ಮೇ ತಿಂಗಳಲ್ಲಿ ಬೆಂಗಳೂರು, ಆನೇಕಲ್, ಕೋಲಾರ, ಹೊಸೂರು ಸೀಮೆಗಳಲ್ಲಿ ಮತ್ತೆ ನೂರೈವತ್ತಕ್ಕೂ ಹೆಚ್ಚು ಬಡವರು ಕಳ್ಳಭಟ್ಟಿಗೆ ಬಲಿಯಾದರು. ಸತ್ತವರನ್ನು ಎಣಿಸಿದೆವು, ಬಯಕೆಯನ್ನು ಯಾವ ಕಾನೂನೂ ನಿಷೇಧಿಸಲಾಗಲಿಲ್ಲ. ಈಗ ಅದು ಮೂರನೆಯ ಮಹಡಿಯ ಫ್ಲ್ಯಾಟಿನಲ್ಲಿ, ಬಾಗಿಲು ಹಾಕಿಕೊಂಡು, ಒಳ್ಳೆಯ ಸಂಬಳ ಪಡೆಯುವವರ ನಡುವೆ ಸದ್ದಿಲ್ಲದೆ ನಡೆಯುತ್ತಿದೆ. ಮನೆಯವರ ಹೊರತು ಬೇರೆ ಯಾರಿಗೂ ತಿಳಿಯುವುದಿಲ್ಲ.

ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯವರು ನಡೆಸಿ 2019ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 16 ಕೋಟಿ ಜನ ಮದ್ಯ ಸೇವಿಸುತ್ತಾರೆ. ಅವರಲ್ಲಿ ಐದೂಮುಕ್ಕಾಲು ಕೋಟಿಯಷ್ಟು ಮಂದಿಗೆ ಅದು ಸಮಸ್ಯೆಯಾಗಿ ನೆರವು ಬೇಕಾಗಿದೆ. ನಮ್ಮ ಮನಸ್ಸನ್ನು ಕಲಕಿದ್ದು ಅದೇ ವರದಿಯ ಇನ್ನೊಂದು ಅಂಕಿ. ಮದ್ಯಕ್ಕೆ ದಾಸರಾದ 38 ಮಂದಿಯಲ್ಲಿ ಒಬ್ಬರಿಗೆ ಮಾತ್ರ ಏನಾದರೊಂದು ಚಿಕಿತ್ಸೆ ದೊರೆತಿದೆ. ಉಳಿದ 37 ಮಂದಿ ಎಲ್ಲಿದ್ದಾರೆ? ಮನೆಗಳಲ್ಲಿದ್ದಾರೆ. ನಮ್ಮ ಮನೆಗಳಲ್ಲೂ ಇದ್ದಾರೆ. ಬಲಿಪೂಜೆಯಲ್ಲಿ ಹಿಂದಿನ ಬಾಗಿಲ ಬಳಿ ನಿಂತು, ಪರಮಪ್ರಸಾದ ಹಂಚುವ ಹೊತ್ತಿಗೆ ಹೊರಗೆ ಹೋಗುವವರಲ್ಲಿ ಕೆಲವರು ಅವರೇ.

ಇಂತಹ ಮನೆಯಲ್ಲಿ ಸಾಮಾನ್ಯವಾಗಿ ಏನು ನಡೆಯುತ್ತದೆಂಬುದು ನಮ್ಮ ಓದುಗರಿಗೆ ಹೊಸದಲ್ಲ. ಮೊದಲು ಮುಚ್ಚಿಡುವುದು: "ಅವರಿಗೆ ಮೈ ಸರಿಯಿಲ್ಲ" ಎಂದು ಕಚೇರಿಗೆ ಹೆಂಡತಿಯೇ ಫೋನು ಮಾಡುವುದು. ಅನಂತರ ಮಗುವಿನ ತಲೆ ಮುಟ್ಟಿಸಿ ಆಣೆ, ಪವಿತ್ರ ಗ್ರಂಥದ ಮೇಲೆ ಕೈಯಿಡಿಸಿ ಪ್ರಮಾಣ. ಶಿವಾಜಿನಗರದ ಸಂತ ಮರಿಯಮ್ಮನವರ ಮಹಾದೇವಾಲಯಕ್ಕೆ ಸೆಪ್ಟೆಂಬರ್ 8ರ ಹಬ್ಬದೊಳಗೆ ಬಿಡಿಸಿಕೊಡು ತಾಯೇ ಎಂದು ಹರಕೆ, ವಿವೇಕನಗರದ ಬಾಲಯೇಸುವಿನ ಸನ್ನಿಧಿಗೆ ಗುರುವಾರಗಳ ಅಲೆದಾಟ. ಇವು ಯಾವುವೂ ಫಲ ಕೊಡದಿದ್ದಾಗ ಧ್ಯಾನಕೂಟಕ್ಕೆ ಕರೆದೊಯ್ದು ಒಂದು ವಾರ ಇರಿಸುವುದು. ಇದರ ನಡುವೆ ಯಾರೋ ಹೇಳಿದರೆಂದು, ಕುಡಿಯುವವರಿಗೆ ತಿಳಿಯದಂತೆ ಸಾರಿನಲ್ಲಿ ಬೆರೆಸಿಕೊಡಬಹುದೆಂಬ ಜಾಹೀರಾತಿನ ಪುಡಿಯನ್ನು ತರಿಸಿ ಹಾಕುವುದೂ ಉಂಟು.

ಪ್ರಾರ್ಥನೆ ಬೇಡವೆಂದು ನಾವು ಹೇಳುತ್ತಿಲ್ಲ. ಮರಿಯಮ್ಮನವರ ಪಾದದ ಬಳಿ ಸೆರಗು ಹಿಡಿದು ಕಣ್ಣೀರಿಟ್ಟ ಹೆಂಗಸಿನ ಪ್ರಾರ್ಥನೆಗಿಂತ ನಿಜವಾದ ಪ್ರಾರ್ಥನೆಯನ್ನು ನಾವು ಬಲ್ಲವರಲ್ಲ. ಆದರೆ ಆಣೆ, ಪ್ರಮಾಣ, ಹರಕೆಗಳೆಲ್ಲ ವ್ಯಸನಿಯ ಇಚ್ಛಾಶಕ್ತಿಯನ್ನೇ ನಂಬಿಕೊಂಡಿವೆಯೆಂಬುದನ್ನು ಗಮನಿಸಬೇಕು. ವ್ಯಸನವು ಮೊದಲು ಮುರಿಯುವುದು ಆ ಇಚ್ಛಾಶಕ್ತಿಯನ್ನೇ. ಕಾಲು ಮುರಿದವನಿಂದ ಓಡುವೆನೆಂದು ಆಣೆ ಹಾಕಿಸಿಕೊಂಡಂತಾಯಿತು. ಆಣೆ ಮುರಿದಾಗ ಕುಡಿತದ ಪಾಪದ ಮೇಲೆ ಆಣೆ ಮುರಿದ ಪಾಪವೂ ಸೇರಿ, ಆ ಭಾರ ತಾಳಲಾರದೆ ಮತ್ತಷ್ಟು ಕುಡಿತ. ಮಾಡಬೇಕೆಂದಿರುವ ಒಳಿತನ್ನು ಮಾಡಲಾಗದೆ, ಒಲ್ಲದ ಕೆಡುಕನ್ನೇ ಮಾಡುವ ತಮ್ಮ ದುರವಸ್ಥೆಯನ್ನು ಸಂತ ಪೌಲರು ರೋಮನರಿಗೆ ಬರೆದ ಪತ್ರದ ಏಳನೆಯ ಅಧ್ಯಾಯದಲ್ಲಿ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾರೆ. ಅದನ್ನು ಓದುವಾಗಲೆಲ್ಲ ಪ್ರೇಷಿತರೊಬ್ಬರು ಮದ್ಯವ್ಯಸನಿಯ ಪಕ್ಕದಲ್ಲಿ ಕುಳಿತು ಮಾತನಾಡುತ್ತಿರುವಂತೆ ನಮಗೆ ತೋರುತ್ತದೆ.

ಚೀನಾದ ಒಬ್ಬ ಸಂತರ ಕಥೆಯನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ. ನಮ್ಮ ಪ್ರವಚನಗಳಲ್ಲಿ ಅವರ ಹೆಸರು ಕೇಳಿಬರುವುದು ಅಪರೂಪ. ಸಂತ ಮಾರ್ಕ್ ಜಿ ತಿಯಾನ್‌ಶಿಯಾಂಗ್ ಉತ್ತರ ಚೀನಾದಲ್ಲಿ 1834ರಲ್ಲಿ ಕಥೋಲಿಕ ಮನೆತನವೊಂದರಲ್ಲಿ ಹುಟ್ಟಿದವರು. ವೃತ್ತಿಯಿಂದ ವೈದ್ಯರು, ಬಡವರಿಂದ ಹಣ ಪಡೆಯದೆ ಚಿಕಿತ್ಸೆ ನೀಡುತ್ತಿದ್ದರು. ಹೊಟ್ಟೆಯ ಬೇನೆಯೊಂದಕ್ಕೆ ಅಂದಿನ ರೂಢಿಯಂತೆ ಅಫೀಮನ್ನು ಔಷಧವಾಗಿ ತೆಗೆದುಕೊಂಡರು. ಬೇನೆ ಹೋಯಿತು, ಅಫೀಮು ಉಳಿಯಿತು. ಪಾಪನಿವೇದನೆಗೆ ಹೋದರು; ಕ್ಷಮೆ ಪಡೆದರು; ಮತ್ತೆ ಬಿದ್ದರು; ಮತ್ತೆ ಹೋದರು. ಇದೇ ಪಾಪವನ್ನು ಮತ್ತೆ ಮತ್ತೆ ಹೊತ್ತುತರುವವನಲ್ಲಿ ತಿದ್ದಿಕೊಳ್ಳುವ ದೃಢಸಂಕಲ್ಪವೇ ಇಲ್ಲವೆಂದು ಬಗೆದ ಧರ್ಮಗುರುಗಳು, ಅಫೀಮನ್ನು ಬಿಡುವ ತನಕ ಪಾಪಕ್ಷಮೆಯೂ ಇಲ್ಲ, ಪರಮಪ್ರಸಾದವೂ ಇಲ್ಲ ಎಂದರು. ಆ ಗುರುಗಳನ್ನು ಇಂದು ದೂಷಿಸುವುದು ಸುಲಭ. ವ್ಯಸನವೆಂಬುದು ರೋಗವೂ ಹೌದೆಂಬ ತಿಳಿವಳಿಕೆ ಆ ಕಾಲಕ್ಕೆ ಸಾಮಾನ್ಯವಾಗಿರಲಿಲ್ಲ.

ಮೂವತ್ತು ವರ್ಷ! ಮೂವತ್ತು ವರ್ಷಗಳ ಕಾಲ ಆ ವೈದ್ಯರು ಬಲಿಪೂಜೆಗೆ ಬಂದರು, ಎಲ್ಲರೂ ಎದ್ದು ಪ್ರಸಾದ ಸ್ವೀಕರಿಸುವಾಗ ತಾವು ಕುಳಿತೇ ಇದ್ದರು, ಮನೆಗೆ ಹೋದರು, ಅಫೀಮು ಸೇದಿದರು, ಮತ್ತೆ ಬಂದರು. ಇಡೀ ಊರಿಗೆ ಅವರ ಚಟ ಗೊತ್ತಿತ್ತು. ಇಂತಹವನಿಗೆ ದೇವಾಲಯದಲ್ಲಿ ಏನು ಕೆಲಸವೆಂದು ಕೇಳುವವರು ಅಲ್ಲಿಯೂ ಇದ್ದಿರಲೇಬೇಕು. ತಮ್ಮ ಬಲದಿಂದ ಈ ಜನ್ಮದಲ್ಲಿ ಚಟ ಬಿಡಲಾಗದೆಂದು ಮನಗಂಡ ಅವರು ರಕ್ತಸಾಕ್ಷಿಯ ಮರಣವನ್ನಾದರೂ ಕೊಡು ಎಂದು ಬೇಡುತ್ತಿದ್ದರಂತೆ. 1900ರಲ್ಲಿ ಬಾಕ್ಸರ್ ದಂಗೆಕೋರರು ಕ್ರೈಸ್ತರನ್ನು ಹುಡುಕಿ ಕೊಲ್ಲತೊಡಗಿದಾಗ ಮಗ, ಸೊಸೆಯಂದಿರು, ಮೊಮ್ಮಕ್ಕಳೊಂದಿಗೆ ಅವರೂ ಸೆರೆಯಾದರು. ಕ್ರಿಸ್ತರನ್ನು ತೊರೆದರೆ ಪ್ರಾಣ ಉಳಿಯುತ್ತಿತ್ತು. ತೊರೆಯಲಿಲ್ಲ. ತಮ್ಮವರಲ್ಲಿ ಯಾರೊಬ್ಬರೂ ಒಂಟಿಯಾಗಿ ಸಾಯಬಾರದೆಂದು, ತಮ್ಮ ತಲೆಯನ್ನು ಎಲ್ಲರಿಗಿಂತ ಕೊನೆಯಲ್ಲಿ ಕಡಿಯಿರೆಂದು ಕೇಳಿಕೊಂಡರು. ಮಾತೆ ಮರಿಯಳ ಪ್ರಾರ್ಥನಾಮಾಲೆಯನ್ನು ಹಾಡುತ್ತಾ ಸತ್ತರು. ಜಗದ್ಗುರು ಎರಡನೆಯ ಜಾನ್ ಪೌಲರು 2000ದ ಅಕ್ಟೋಬರ್ 1ರಂದು ಚೀನಾದ 120 ಮಂದಿ ರಕ್ತಸಾಕ್ಷಿಗಳಿಗೆ ಸಂತಪದವಿ ಘೋಷಿಸಿದಾಗ ಅವರಲ್ಲಿ ಈ ಅಫೀಮು ವ್ಯಸನಿಯೂ ಒಬ್ಬರಾಗಿದ್ದರು.

ಅಫೀಮನ್ನು ಗೆದ್ದು ಸಂತರಾದವರಲ್ಲ ಇವರು. ಚಟವನ್ನು ಗೆಲ್ಲದಿದ್ದರೂ ದೇವರಿಗೆ ಬೆನ್ನು ತೋರಿಸಲಿಲ್ಲ, ಅಷ್ಟೆ. ವಿಶ್ವಾಸವಿದ್ದರೆ ಚಟ ಬಿಟ್ಟುಹೋಗಲೇಬೇಕು, ಹೋಗದಿದ್ದರೆ ವಿಶ್ವಾಸವೇ ಇಲ್ಲವೆಂದು ವಾದಿಸುವವರು ಈ ಸಂತರ ಚಿತ್ರದ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ಬೇರೂರಿದ ಅಭ್ಯಾಸ, ಭಯ, ಮಾನಸಿಕ ಕಾರಣಗಳು ಮನುಷ್ಯನ ಹೊಣೆಗಾರಿಕೆಯನ್ನು ತಗ್ಗಿಸಬಲ್ಲವೆಂದು 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶವೂ ತನ್ನ 1735ನೆಯ ಪರಿಚ್ಛೇದದಲ್ಲಿ ಒಪ್ಪಿದೆ. ಆಹಾರ, ಮದ್ಯ, ತಂಬಾಕು, ಔಷಧಗಳ ಅತಿಸೇವನೆಯನ್ನು ತ್ಯಜಿಸಬೇಕೆಂದು 2290ನೆಯ ಪರಿಚ್ಛೇದದಲ್ಲಿ ಹೇಳುವುದೂ ಅದೇ ಗ್ರಂಥ. ತಪ್ಪು ತಪ್ಪೇ. ತಪ್ಪಿದವನ ಹೊರೆಯನ್ನು ತೂಗುವ ಕೆಲಸ ಮಾತ್ರ ನಮ್ಮದಲ್ಲ.

ಹಾಗಿದ್ದರೆ ಇದು ಕೇವಲ ರೋಗವೇ? ವೈದ್ಯರಿದ್ದಾರೆ, ಗುಳಿಗೆಗಳಿವೆ, ವಿಶ್ವಾಸಕ್ಕೆ ಇಲ್ಲೇನು ಕೆಲಸ? ಈ ಪ್ರಶ್ನೆಗೆ ಅಮೆರಿಕೆಯ ಅಕ್ರನ್ ಎಂಬ ಊರಿನಲ್ಲಿ ಒಂದು ಉತ್ತರ ಸಿಕ್ಕಿತು. 1935ರಲ್ಲಿ ಅಲ್ಲಿ ಬಿಲ್ ವಿಲ್ಸನ್ ಎಂಬ ವ್ಯಾಪಾರಿಯೂ ಬಾಬ್ ಸ್ಮಿತ್ ಎಂಬ ವೈದ್ಯರೂ ಭೇಟಿಯಾದರು. ಇಬ್ಬರೂ ಕುಡಿತದಿಂದ ನೆಲಕಚ್ಚಿದವರು. ಒಬ್ಬ ಕುಡುಕನಿಗೆ ಇನ್ನೊಬ್ಬ ಕುಡುಕ ತನ್ನ ಕಥೆಯನ್ನು ಸುಳ್ಳಿಲ್ಲದೆ ಹೇಳಿದಾಗ ಇಬ್ಬರೂ ಅಂದಿನ ಮಟ್ಟಿಗೆ ಕುಡಿಯದೆ ಉಳಿಯಬಲ್ಲರೆಂಬುದು ಅವರು ಕಂಡುಕೊಂಡ ಸತ್ಯ. ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ ಬಳಗ ಹುಟ್ಟಿದ್ದು ಹೀಗೆ; 1957ರಲ್ಲಿ ಅದು ಭಾರತಕ್ಕೂ ಬಂತು. ಈ ಬಳಗ ಯಾವ ಮತಕ್ಕೂ ಸೇರಿದ್ದಲ್ಲ. ಆದರೂ ಅದರ ಹನ್ನೆರಡು ಮೆಟ್ಟಿಲುಗಳನ್ನು ಏರಿ ನೋಡಿದ ಕಥೋಲಿಕನಿಗೆ ಹಾದಿ ಅಪರಿಚಿತವೆನಿಸದು. ತನ್ನ ಬಲ ಸಾಲದೆಂದು ಒಪ್ಪುವುದು, ತನಗಿಂತ ದೊಡ್ಡ ಶಕ್ತಿಗೆ ತನ್ನನ್ನು ಒಪ್ಪಿಸುವುದು, ಅಂತಃಕರಣವನ್ನು ಶೋಧಿಸಿ ಇನ್ನೊಬ್ಬರ ಮುಂದೆ ಬಾಯ್ಬಿಟ್ಟು ಹೇಳುವುದು, ನೋಯಿಸಿದವರಿಗೆ ನಷ್ಟ ತುಂಬಿಕೊಡುವುದು: ಇವೆಲ್ಲ ನಮ್ಮ ಪಾಪನಿವೇದನೆಯ ಸಂಸ್ಕಾರದೊಳಗೆ ಇರುವಂಥವೇ. ಎಡ್ ಡೌಲಿಂಗ್ ಎಂಬ ಯೇಸುಸಭೆಯ ಗುರುಗಳು ಆ ಮೆಟ್ಟಿಲುಗಳಲ್ಲಿ ಸಂತ ಇನ್ಯಾಸಿಯವರ ಆಧ್ಯಾತ್ಮಿಕ ಸಾಧನೆಗಳ ಛಾಯೆಯನ್ನು ಗುರುತಿಸಿ, 1940ರಲ್ಲಿ ಬಿಲ್ ವಿಲ್ಸನ್ನರನ್ನು ಹುಡುಕಿಕೊಂಡು ಹೋಗಿ ಅವರ ಆಪ್ತರಾದರು.

ಅದೇ ಅಕ್ರನ್ನಿನ ಸಂತ ತೋಮರ ಆಸ್ಪತ್ರೆಯಲ್ಲಿ ರೋಗಿಗಳ ದಾಖಲಾತಿ ನೋಡಿಕೊಳ್ಳುತ್ತಿದ್ದ ಸಿಸ್ಟರ್ ಇಗ್ನೇಷಿಯಾ ಎಂಬ ಕನ್ಯಾಸ್ತ್ರೀ ಇದ್ದರು. ಕುಡುಕರನ್ನು ಆಸ್ಪತ್ರೆಗಳು ಸೇರಿಸಿಕೊಳ್ಳದಿದ್ದ ಕಾಲವದು. 1939ರ ಆಗಸ್ಟಿನಲ್ಲಿ ಡಾಕ್ಟರ್ ಬಾಬ್ ಕರೆತಂದ ರೋಗಿಯನ್ನು ಆಕೆ ಜಠರದ ಉರಿಯೂತವೆಂದು ದಾಖಲೆ ಬರೆದು ಒಳಗೆ ಸೇರಿಸಿಕೊಂಡರು. ಚಿಕಿತ್ಸೆ ಮುಗಿಸಿ ಹೊರಡುವವರ ಕೈಗೆ ಯೇಸುವಿನ ಪವಿತ್ರ ಹೃದಯದ ಒಂದು ಚಿಕ್ಕ ಪದಕವನ್ನಿತ್ತು, ಮತ್ತೆ ಕುಡಿಯುವ ಮನಸ್ಸಾದರೆ ಕುಡಿಯುವ ಮೊದಲು ಇದನ್ನು ನನಗೆ ಹಿಂದಿರುಗಿಸಬೇಕೆಂದು ಹೇಳಿ ಕಳುಹಿಸುತ್ತಿದ್ದರು. ಇದರಲ್ಲಿ ಆಣೆಯಿಲ್ಲ, ಶಾಪದ ಹೆದರಿಕೆಯಿಲ್ಲ. ಕುಡಿಯುವುದಕ್ಕೆ ಮುಂಚೆ ಒಬ್ಬರ ಮುಖ ನೋಡಬೇಕೆಂಬ ಒಂದೇ ಷರತ್ತು. ಪವಿತ್ರ ಹೃದಯದ ಚಿತ್ರಪಟ ನಮ್ಮ ಪ್ರತಿಯೊಂದು ಮನೆಯ ನಡುಮನೆಯಲ್ಲಿಯೂ ಇದೆ, ಅದರ ಕೆಳಗೆ ಕೆಂಪು ದೀಪವೂ ಉರಿಯುತ್ತದೆ. ಆ ಚಿತ್ರದ ಕೆಳಗೆ ಕುಳಿತು ತಂದೆಯಾದವನು "ನನ್ನ ಕೈಯಲ್ಲಿ ಆಗುತ್ತಿಲ್ಲ" ಎಂದು ಬಾಯಿಬಿಟ್ಟು ಹೇಳಬಹುದಾದಂತಹ ಮನೆಗಳು ಮಾತ್ರ ಕಡಿಮೆ.

ಡಬ್ಲಿನ್ನಿನ ಕೂಲಿಕಾರ ಮ್ಯಾಟ್ ಟಾಲ್ಬಟ್ಟರ ಹೆಸರನ್ನು ನಮ್ಮ ಹಿರಿಯ ಓದುಗರು ಕೇಳಿರುತ್ತಾರೆ. ಹನ್ನೆರಡರ ವಯಸ್ಸಿಗೇ ಕುಡಿಯತೊಡಗಿ, ಕುಡಿತಕ್ಕಾಗಿ ಕಾಲಿನ ಬೂಟನ್ನೂ ಅಡವಿಟ್ಟು, ಒಮ್ಮೆ ಬೀದಿಯ ಪಿಟೀಲುಗಾರನ ಪಿಟೀಲನ್ನೇ ಕದ್ದವರು. 1884ರಲ್ಲಿ, ಇಪ್ಪತ್ತೆಂಟನೆಯ ವಯಸ್ಸಿನಲ್ಲಿ, ಗುರುಗಳೊಬ್ಬರ ಮುಂದೆ ಕುಡಿಯುವುದಿಲ್ಲವೆಂದು ವ್ರತ ತೊಟ್ಟರು. ಎಷ್ಟು ಕಾಲಕ್ಕೆ? ಮೂರೇ ತಿಂಗಳಿಗೆ. ಅದು ಮುಗಿದ ಮೇಲೆ ಆರು ತಿಂಗಳಿಗೆ, ಆಮೇಲೆ ಜೀವಮಾನಕ್ಕೆ. ಜೇಬಿನಲ್ಲಿ ಹಣವಿಟ್ಟುಕೊಂಡು ಹೊರಹೋಗುವುದನ್ನು ನಿಲ್ಲಿಸಿದರು. ಕೆಲಸ ಮುಗಿದ ಮೇಲೆ ಗೆಳೆಯರು ಮದ್ಯದಂಗಡಿಯಲ್ಲಿ ಸೇರುವ ಹೊತ್ತನ್ನು ದೇವಾಲಯದಲ್ಲಿ ಕಳೆದರು. ಪಿಟೀಲುಗಾರನನ್ನು ಊರೆಲ್ಲ ಹುಡುಕಿದರು, ಸಿಗಲಿಲ್ಲ. 1925ರ ಜೂನ್ 7ರಂದು ಬಲಿಪೂಜೆಗೆ ಹೋಗುವ ದಾರಿಯಲ್ಲಿ ಕುಸಿದು ಸತ್ತರು. 1975ರಲ್ಲಿ ಧರ್ಮಸಭೆ ಅವರನ್ನು ಪೂಜ್ಯರೆಂದು ಘೋಷಿಸಿತು. ಅವರ ತಪಸ್ಸು, ಉಪವಾಸಗಳ ಕಥೆಗಿಂತ ನಮಗೆ ಹಿಡಿಸುವುದು ಆ ಖಾಲಿ ಜೇಬು. ಪ್ರಾರ್ಥಿಸುವವನು ಶೋಧನೆಯ ಬೀದಿಯನ್ನು ಬಿಟ್ಟು ಬೇರೆ ಬೀದಿ ಹಿಡಿಯುವಷ್ಟು ಜಾಣನೂ ಆಗಿರಬೇಕು.

ಮ್ಯಾಟ್ ಟಾಲ್ಬಟ್ಟರಂತೆ ಏಕಾಏಕಿ ಬಿಡುವುದು ಎಲ್ಲರಿಗೂ ಕ್ಷೇಮವಲ್ಲವೆಂಬ ಒಂದು ಮಾತನ್ನು ಮಾತ್ರ ಒತ್ತಿ ಹೇಳಲೇಬೇಕು. ವರ್ಷಗಳಿಂದ ದಿನವೂ ಹೆಚ್ಚಾಗಿ ಕುಡಿಯುತ್ತಿದ್ದವನು ಹಠಾತ್ತನೆ ನಿಲ್ಲಿಸಿದರೆ ಮೊದಲ ಎರಡು ಮೂರು ದಿನಗಳಲ್ಲಿ ಕೈಕಾಲು ನಡುಕ, ಬೆವರು, ನಿದ್ರಾಹೀನತೆ ಬರುತ್ತವೆ. ಕೆಲವರಿಗೆ ಫಿಟ್ಸ್ ಬರುತ್ತದೆ, ಇಲ್ಲದ್ದು ಕಾಣುತ್ತದೆ, ಕೇಳುತ್ತದೆ. ಚಿಕಿತ್ಸೆಯಿಲ್ಲದಿದ್ದರೆ ಪ್ರಾಣವೇ ಹೋಗಬಹುದು. ವೈದ್ಯರಿಲ್ಲದ ಧ್ಯಾನಕೂಟದಲ್ಲಿ ಈ ಸ್ಥಿತಿಯನ್ನು ಕಂಡು ದೆವ್ವದ ಕಾಟವೆಂದು ಬಗೆದು ಗಂಟೆಗಟ್ಟಲೆ ಪ್ರಾರ್ಥಿಸುತ್ತಾ ಕುಳಿತರೆ ಅದು ವಿಶ್ವಾಸವಲ್ಲ, ಒಂದು ಜೀವದೊಂದಿಗೆ ಆಡುವ ಜೂಜು. ಆದ್ದರಿಂದ ಮೊದಲು ಆಸ್ಪತ್ರೆ, ಅನಂತರ ಧ್ಯಾನಕೂಟ. ತಿಳಿಯದಂತೆ ಊಟದಲ್ಲಿ ಬೆರೆಸುವ ಔಷಧವೂ ಹೀಗೆಯೇ ಅಪಾಯದ್ದು. ಕುಡಿತಕ್ಕೆ ಹೇಸಿಕೆ ಹುಟ್ಟಿಸುವ ಗುಳಿಗೆಯನ್ನು ನುಂಗಿದ್ದು ತಿಳಿಯದೆ ಕುಡಿದವನ ರಕ್ತದೊತ್ತಡ, ಹೃದಯ ಎಲ್ಲವೂ ಏರುಪೇರಾಗುತ್ತವೆ.

ಗುಳಿಗೆ ನುಂಗುವುದು ವಿಶ್ವಾಸದ ಕೊರತೆಯೆಂದು ಹೇಳುವವರು ನಮ್ಮ ಪ್ರಾರ್ಥನಾ ಗುಂಪುಗಳಲ್ಲಿಯೂ ಇಲ್ಲದಿಲ್ಲ. ಹುಟ್ಟುಕುರುಡನನ್ನು ಬರಿಯ ಮಾತಿನಿಂದಲೇ ಗುಣಪಡಿಸಬಹುದಾಗಿದ್ದ ಯೇಸುಸ್ವಾಮಿಯು ಮಣ್ಣನ್ನು ಉಗುಳಿನಿಂದ ಕಲಸಿ ಕಣ್ಣಿಗೆ ಹಚ್ಚಿ, ಕೊಳಕ್ಕೆ ಹೋಗಿ ತೊಳೆದುಕೊಳ್ಳಲು ಹೇಳಿದರು. ವೈದ್ಯನನ್ನು ಗೌರವಿಸು, ಔಷಧವನ್ನು ಭೂಮಿಯಿಂದ ಹುಟ್ಟಿಸಿದವರು ದೇವರೇ ಎಂಬ ಉಪದೇಶ ನಮ್ಮ ಪವಿತ್ರ ಗ್ರಂಥದ ಸಿರಾಖ ಪುಸ್ತಕದ 38ನೆಯ ಅಧ್ಯಾಯದಲ್ಲಿದೆ. 1880ರಲ್ಲಿ ಮಂಗಳೂರಿನ ಕಂಕನಾಡಿಯ ಮರದ ಕೆಳಗೆ ಔಷಧ ಹಂಚಲಾರಂಭಿಸಿದ ಫಾದರ್ ಮುಲ್ಲರ್ ಆಗಲಿ, 1963ರಲ್ಲಿ ಬೆಂಗಳೂರಿನಲ್ಲಿ ಸಂತ ಜಾನರ ವೈದ್ಯಕೀಯ ಕಾಲೇಜನ್ನು ತೆರೆದ ಭಾರತದ ಧರ್ಮಾಧ್ಯಕ್ಷರುಗಳಾಗಲಿ ಪ್ರಾರ್ಥನೆಯಲ್ಲಿ ನಂಬಿಕೆ ಕಳೆದುಕೊಂಡು ಆ ಕೆಲಸಕ್ಕೆ ಕೈಹಾಕಿದವರಲ್ಲ. ನಮ್ಮ ಸೀಮೆಯಲ್ಲೇ, ಹೆಣ್ಣೂರು ಕ್ರಾಸಿನ ಬಳಿ, 1990ರ ದಶಕದಲ್ಲಿ ವ್ಯಸನಿಗಳ ಪುನರ್ವಸತಿಗಾಗಿ ಫ್ರೀಡಂ ಫೌಂಡೇಶನ್ ಕೆಲಸ ಆರಂಭಿಸಿತ್ತು, ಬಳಿಕ ಎಚ್.ಐ.ವಿ. ಸೋಂಕಿತರ ಆರೈಕೆಗೂ ಮುಂದಾಯಿತು. ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರ ಹೊಸೂರು ರಸ್ತೆಯಲ್ಲಿದೆ, ಒಂದು ಬಸ್ಸಿನ ದೂರ. ಹೊರಡಲು ಧೈರ್ಯ ಸಾಲದವರಿಗೆ 14446 ಎಂಬ ರಾಷ್ಟ್ರೀಯ ವ್ಯಸನಮುಕ್ತಿ ಸಹಾಯವಾಣಿಯಿದೆ. ಮನಸ್ಸಿನ ಯಾವುದೇ ಸಂಕಟಕ್ಕೆ 2022ರಿಂದ ಟೆಲಿ ಮಾನಸ್‌ನ 14416 ಇದೆ. ದೇವಾಲಯದ ಸೂಚನಾಫಲಕದಲ್ಲಿ ಮದುವೆಯ ಪ್ರಕಟಣೆಗಳ ಪಕ್ಕದಲ್ಲಿ ಈ ಎರಡು ಸಂಖ್ಯೆಗಳಿಗೆ ಜಾಗವಾಗದೇ?

ಇನ್ನು ನಮ್ಮ ಹಬ್ಬಗಳ ವಿಷಯ. ಮಗುವಿನ ಜ್ಞಾನಸ್ನಾನದ ಔತಣದಲ್ಲಿ, ಪ್ರಥಮ ಪರಮಪ್ರಸಾದದ ಔತಣದಲ್ಲಿ ಮದ್ಯದ ಮೇಜು ಏಕೆ ಬೇಕೆಂಬುದು ನಮಗೆ ಅರ್ಥವಾಗದ ಸಂಗತಿ. ಕಾನಾ ಊರಿನ ಮದುವೆಯನ್ನು ಉದಾಹರಿಸುವವರು ಕೂಡಲೇ ಎದ್ದುನಿಲ್ಲುತ್ತಾರೆಂದು ಬಲ್ಲೆವು. ಸರಿ, ದ್ರಾಕ್ಷಾರಸವು ಪಾಪವಲ್ಲ. ಹೊಟ್ಟೆಯ ನೋವಿಗೆ ಸ್ವಲ್ಪ ತೆಗೆದುಕೊಳ್ಳೆಂದು ಪೌಲರೇ ತಿಮೊಥೇಯನಿಗೆ ಬರೆದರು. ಆದರೆ ಮದ್ಯದ ಯಾವ ಪ್ರಮಾಣವೂ ಆರೋಗ್ಯಕ್ಕೆ ನಿರಪಾಯಕರವಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯು 2023ರಲ್ಲಿ ಹೇಳಿದೆ. ಇದು ಪೌಲರಿಗೆ ತಿಳಿದಿರಲಿಲ್ಲ, ನಮಗೆ ತಿಳಿದಿದೆ. ಇಷ್ಟಕ್ಕೂ ನಮ್ಮ ಆಕ್ಷೇಪ ಬೇರೆ. ಆರು ತಿಂಗಳಿಂದ ಕುಡಿಯದೆ ಉಳಿದಿರುವ ಚಿಕ್ಕಪ್ಪನೊಬ್ಬ ಆ ಔತಣದಲ್ಲಿದ್ದಾನೆ. "ಒಂದೇ ಒಂದು, ಮಗುವಿನ ಸಂತೋಷಕ್ಕೆ" ಎಂದು ಅವನ ಕೈಗೆ ಲೋಟ ಕೊಡುವವನು ಶತ್ರುವಲ್ಲ, ಖಾಸಾ ಅಣ್ಣ. ಬಲಿಪೀಠದ ಬಳಿಯೇ ಧರ್ಮಸಭೆ ಇದಕ್ಕಿಂತ ಹೆಚ್ಚು ಸೂಕ್ಷ್ಮವಾಗಿ ನಡೆದುಕೊಂಡಿದೆ: ರೊಟ್ಟಿಯ ರೂಪವೊಂದನ್ನೇ ಸ್ವೀಕರಿಸಿದವನೂ ಕ್ರಿಸ್ತರನ್ನು ಪೂರ್ಣವಾಗಿ ಸ್ವೀಕರಿಸುತ್ತಾನೆ, ಮದ್ಯವ್ಯಸನದಿಂದ ಚೇತರಿಸಿಕೊಳ್ಳುತ್ತಿರುವ ಗುರುಗಳು ಧರ್ಮಾಧ್ಯಕ್ಷರ ಅನುಮತಿ ಪಡೆದು, ಹುದುಗು ಏರದ ದ್ರಾಕ್ಷಿಯ ರಸದಿಂದ ಬಲಿಪೂಜೆ ಅರ್ಪಿಸಬಹುದು. ಪೂಜೆಯಲ್ಲಿಯೇ ಇಷ್ಟು ಅನುಕೂಲವಿರುವಾಗ ಔತಣದಲ್ಲಿ ನಿಂಬೆಹಣ್ಣಿನ ಪಾನಕ ಸಾಲದೆಂಬುದು ಯಾವ ನ್ಯಾಯ?

ಹೆಂಡತಿಯರಿಗೆ ನಾವು ನೀಡುತ್ತಾ ಬಂದಿರುವ ಬುದ್ಧಿವಾದವನ್ನೂ ಬದಲಿಸಬೇಕು. "ಇದು ನಿನ್ನ ಶಿಲುಬೆ, ತಾಳಿಕೋ ತಾಯಿ" ಎಂದು ಹೊಡೆತ ತಿಂದು ಬಂದವಳಿಗೆ ಹೇಳುವುದು ಸುವಾರ್ತೆಯಲ್ಲ. ಕ್ರಿಸ್ತರು ಶಿಲುಬೆಯನ್ನು ತಾವಾಗಿಯೇ ಹೊತ್ತರು. ಮಕ್ಕಳ ಮುಂದೆ ಕೂದಲು ಹಿಡಿದು ಎಳೆಸಿಕೊಳ್ಳುವವಳು ಅದನ್ನು ಆರಿಸಿಕೊಂಡವಳಲ್ಲ. ಸಂಗಾತಿಗೋ ಮಕ್ಕಳಿಗೋ ಗಂಭೀರ ಅಪಾಯವಿದ್ದಾಗ ಬೇರೆ ವಾಸಿಸಲು ಧರ್ಮಸಭೆಯ ಕಾನೂನುಸಂಹಿತೆಯ 1153ನೆಯ ವಿಧಿಯೇ ಅವಕಾಶ ಕೊಟ್ಟಿದೆ. ಮಹಿಳಾ ಸಹಾಯವಾಣಿ 181 ಇದೆ. ಗಂಡನಿಗಾಗಿ ಪ್ರಾರ್ಥಿಸಲು ಅವನ ಏಟಿನ ಅಳತೆಯಲ್ಲೇ ಇರಬೇಕೆಂದಿಲ್ಲ. ವ್ಯಸನಿಗಳ ಕುಟುಂಬದವರಿಗಾಗಿಯೇ ಇರುವ ಅಲ್-ಅನಾನ್ ಬಳಗದಲ್ಲಿ ಇಂತಹ ಹೆಂಗಸರು ಒಬ್ಬರ ಕೈ ಇನ್ನೊಬ್ಬರು ಹಿಡಿದು ಕುಳಿತುಕೊಳ್ಳುತ್ತಾರೆ. ಗಂಡನ ಕುಡಿತಕ್ಕೆ ತಾನು ಕಾರಣಳಲ್ಲವೆಂದು ಎಷ್ಟೋ ಮಂದಿ ಮೊದಲ ಬಾರಿಗೆ ಕೇಳಿಸಿಕೊಳ್ಳುವುದು ಅಲ್ಲಿ.

ಕಿರಿಯರ ಚಟಗಳು ಬೇರೆ. ಗುಟ್ಕಾ 2013ರಲ್ಲಿ ರಾಜ್ಯದಲ್ಲಿ ನಿಷೇಧವಾಯಿತು. ಅದರ ಜಾಗಕ್ಕೆ ಬಂದವು ಹಲವು. ಮೊಬೈಲಿನಲ್ಲಿ ಹಣ ಕಟ್ಟಿ ಆಡುವ ಆಟಗಳಿಂದ ಮನೆಗಳು ಮುಳುಗಿದ ಮೇಲೆ 2025ರ ಆಗಸ್ಟಿನಲ್ಲಿ ಸಂಸತ್ತು ಅದನ್ನು ತಡೆಯುವ ಕಾನೂನು ಮಾಡಿತು. ನಿಮ್ಹಾನ್ಸ್ ಮಾತ್ರ 2014ರಲ್ಲೇ ಮೊಬೈಲ್ ಮತ್ತು ಅಂತರ್ಜಾಲದ ಗೀಳಿಗೆ ಪ್ರತ್ಯೇಕ ಚಿಕಿತ್ಸಾಲಯವನ್ನು ತೆರೆದಿತ್ತು. 2025ರ ಸೆಪ್ಟೆಂಬರ್ 7ರಂದು ಸಂತಪದವಿಗೇರಿದ ಕಾರ್ಲೊ ಅಕುತಿಸ್ ಎಂಬ ಹದಿನೈದರ ಹುಡುಗ ವಿಡಿಯೊ ಆಟಕ್ಕೆ ವಾರಕ್ಕೆ ಒಂದೇ ಗಂಟೆಯೆಂದು ತನಗೆ ತಾನೇ ಮಿತಿ ಹಾಕಿಕೊಂಡಿದ್ದನಂತೆ. ಮಕ್ಕಳಿಗೆ ಇದನ್ನು ಹೇಳುವ ಮೊದಲು ಊಟದ ಮೇಜಿನ ಮೇಲಿರುವ ತಮ್ಮ ಫೋನನ್ನು ಹಿರಿಯರು ಎಲ್ಲಿಡುತ್ತಾರೋ ನೋಡಬೇಕು.

ಕಲ್ಯಾಣ ನಗರದ ಆಸುಪಾಸಿನ ನಮ್ಮ ಧರ್ಮಕೇಂದ್ರಗಳಲ್ಲಿ ಆಗಬೇಕಾದ ಕೆಲಸ ದೊಡ್ಡದೇನಲ್ಲ. ಸಭಾಂಗಣಗಳು ಶನಿವಾರ ಭಾನುವಾರಗಳಲ್ಲಿ ಮದುವೆಗಳಿಗೆ ಹೋಗುತ್ತವೆ. ಧರ್ಮೋಪದೇಶದ ತರಗತಿಯ ಕೋಣೆಗಳು ಮಾತ್ರ ವಾರದ ಉಳಿದ ಸಂಜೆಗಳಲ್ಲಿ ಬೀಗ ಹಾಕಿಕೊಂಡಿರುತ್ತವೆ. ಅಂತಹ ಒಂದು ಕೋಣೆ, ಹತ್ತು ಕುರ್ಚಿ, ಒಂದು ಫ್ಲಾಸ್ಕ್ ಚಹಾ ಇದ್ದರೆ ವ್ಯಸನಿಗಳ ಬಳಗವೊಂದು ವಾರಕ್ಕೊಮ್ಮೆ ಕೂಡಬಹುದು. ಇನ್ನೊಂದು ಸಂಜೆ ಅವರ ಮನೆಯವರು. ಬರುವವರು ಕಥೋಲಿಕರೇ ಆಗಿರಬೇಕೆಂದಿಲ್ಲ, ಹೆಸರು ಬರೆದುಕೊಳ್ಳಬೇಕಾಗಿಯೂ ಇಲ್ಲ. ಕೋಣೆಯ ಬಾಗಿಲು ದೇವಾಲಯದ ಮುಂಬಾಗಿಲಿಗೆ ಎದುರಾಗಿರದೆ ಪಕ್ಕದ ಓಣಿಗೆ ತೆರೆದುಕೊಳ್ಳುವಂತಿದ್ದರೆ ಒಳ್ಳೆಯದು. ಮೊದಲ ಸಲ ಬರುವವನಿಗೆ ಪರಿಚಿತರ ಕಣ್ಣೇ ದೊಡ್ಡ ಅಡ್ಡಗೋಡೆ. ಮತ್ತೆ ಬಿದ್ದವನೂ ಮುಂದಿನ ವಾರ ಅದೇ ಕುರ್ಚಿಗೆ ಬಂದು ಕೂರಬಹುದೆಂಬುದನ್ನು ಗುರುಗಳೇ ಒಂದು ಭಾನುವಾರ ಪೀಠದಿಂದ ಹೇಳಬೇಕು. ಬೀಗದ ಕೈ ಯಾರ ಬಳಿ ಇರಬೇಕೆಂಬುದನ್ನು ತಪಸ್ಸುಕಾಲ ಬರುವ ಮುನ್ನವೇ ಪಾಲನಾ ಸಮಿತಿಯವರು ಕುಳಿತು ತೀರ್ಮಾನಿಸಲಿ.